ದೊಡ್ಡಪ್ಪನ ವಾರೆ ಕತ್ತು

ಗಾಜಿನ ಕಾರ್ಖಾನೆಯ ಕತ್ತಲೆ ಕೋಣೆಯಲ್ಲಿ ಮೂವತ್ತು ವರ್ಷ ದುಡಿದ ನಮ್ಮ ದೊಡ್ಡಪ್ಪನಿಗೆ ಗಾಜಿನ ಹೊಟ್ಟೆಯೊಳಗಿನ ಸಂಕಟ ತಿಳಿಯುತ್ತಿತ್ತು. ದೊಡ್ಡಮ್ಮನ ಸಂಕಟ ಮಾತ್ರ ಅವರೇ ಬಾಯಿಬಿಟ್ಟು ಹೇಳಬೇಕಿತ್ತು. ಕೆಲಸ ಇಷ್ಟೇ: ಒಂದೇ ದಿಕ್ಕಿನಲ್ಲಿ ಅಲುಗುವ ಹಾಗೆ ವಿಶೇಷ ಹಾಳೆಯೊಂದರಲ್ಲಿ ಸೋಸಿದ ಕೆಂಪು ಬೆಳಕನ್ನು ಗಾಜಿನೊಳಗೆ ಬಿಡುವುದು. ಬೆಳಕು ಒಳಗೆ ಚೆದುರಿ ಕೆಂಪು ಗೆರೆಯಾಗಿ ಕಾಣುತ್ತದೆ. ಗಾಜಿನಲ್ಲಿ ಬಿಗಿತವಿದ್ದರೆ ಆ ಗೆರೆಯ ಮೇಲೆ ಕಪ್ಪು ಪಟ್ಟೆಗಳು ಬೀಳುತ್ತವೆ. ಪಟ್ಟೆ ಎಣಿಸಿದರೆ ಬಿಗಿತ ಎಷ್ಟೆಂದು ಗೊತ್ತಾಗುತ್ತದೆ.

ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಿಕೊಂಡಾಗ ದೊಡ್ಡಮ್ಮ ಅಂಗಡಿಯಿಂದ ಒಳ್ಳೆಯ ಕಪ್ಪು ಕನ್ನಡಕವನ್ನೇ ಆರಿಸಿ ತಂದರು. “ತಿಂಗಳು ತುಂಬೋವರೆಗೂ ಇದನ್ನ ತೆಗೆದ್ರೆ ನೋಡಿ ಮತ್ತೆ!” ಅಂದರು. ದೊಡ್ಡಪ್ಪ ಕತ್ತಲೆ ಕೋಣೆಯಲ್ಲೂ ತೆಗೆಯಲಿಲ್ಲ. ಡಾಕ್ಟರ ಮಾತನ್ನಾದರೂ ಮೀರಿಯಾರು, ದೊಡ್ಡಮ್ಮನದನ್ನಲ್ಲ.

ಮತ್ತೆ ಕೆಲಸಕ್ಕೆ ಬಂದ ಮೊದಲ ದಿನವೇ ನೋಡುತ್ತಾರೆ, ಗಾಜಿನಲ್ಲಿ ಗೆರೆಯೇ ಇಲ್ಲ! ಕತ್ತನ್ನು ಭುಜಕ್ಕೆ ವಾಲಿಸಿದರೆ ಕಾಣುತ್ತದೆ, ನೆಟ್ಟಗಾದರೆ ಮಾಯ. ಆಪರೇಷನ್ ಮಾಡುವಾಗ ಕಣ್ಣನ್ನು ವಾರೆಯಾಗಿ ಕೂರಿಸಿಬಿಟ್ಟಿದ್ದಾರೆ ಎಂದು ತೀರ್ಮಾನಿಸಿದರು. ಬಾಯಿ ಬಿಟ್ಟರೆ ಪ್ಯಾಕಿಂಗ್ ವಿಭಾಗಕ್ಕೆ ಅಟ್ಟುತ್ತಾರೆಂಬ ಭಯ. ಆ ಕೋಣೆ ಬಿಟ್ಟರೆ ಅವರಿಗೆ ಬದುಕೇ ಇರಲಿಲ್ಲ. ಹಾಗಾಗಿ ಎಂಟು ದಿನ ಕತ್ತು ವಾಲಿಸಿಕೊಂಡೇ ಪಟ್ಟೆ ಎಣಿಸಿದರು. ಹಿರಿಯರು ಮಾಡಿದ್ದಾರೆಂದರೆ ಏನೋ ಕಾರಣ ಇರಬೇಕೆಂದು ಜೊತೆಗಿದ್ದ ಇಬ್ಬರು ಕೆಲಸಗಾರರೂ ಕತ್ತು ವಾಲಿಸತೊಡಗಿದರು.

ಒಂಬತ್ತನೆಯ ದಿನ ಮ್ಯಾನೇಜರಮ್ಮ ಒಳಗೆ ಬಂದರೆ ಮೂರು ತಲೆಗಳೂ ಒಂದೇ ಕಡೆ ವಾಲಿವೆ.

“ಏನ್ರೀ ಇದು? ನೆಟ್ಟಗೆ ನಿಂತು ನೋಡಿ,” ಎಂದು ದೊಡ್ಡಪ್ಪನನ್ನು ಗದರಿದರು.

ದೊಡ್ಡಪ್ಪ ನೆಟ್ಟಗಾದರು. ಬರೀ ಕತ್ತಲು. “ಏನೂ ಕಾಣ್ತಿಲ್ಲ ಮೇಡಂ, ನನ್ನ ಕಣ್ಣು ಹೋಯ್ತು,” ಎಂದು ಅತ್ತೇಬಿಟ್ಟರು. ಕಣ್ಣೊರೆಸಲು ಕನ್ನಡಕ ತೆಗೆದರೆ ಕೆಂಪು ಗೆರೆ ಪಟ್ಟೆಗಳ ಸಮೇತ ಝಗ್ಗೆಂದು ಹೊಳೆಯುತ್ತಿದೆ!

ಮ್ಯಾನೇಜರಮ್ಮ ಆ ಕನ್ನಡಕವನ್ನು ಗೆರೆಯ ಮುಂದೆ ಹಿಡಿದು ತಿರುಗಿಸಿದರು. ಗೆರೆ ಕಂಡಿತು, ಹೋಯಿತು, ಮತ್ತೆ ಕಂಡಿತು. ಅದೂ ಒಂದೇ ದಿಕ್ಕಿನ ಬೆಳಕನ್ನು ಸೋಸಿ ಬಿಡುವ ಹಾಳೆಯದೇ ಕನ್ನಡಕ; ನೆಟ್ಟಗಿದ್ದರೆ ಗೆರೆಯ ಬೆಳಕನ್ನು ತಡೆಯುತ್ತದೆ, ವಾಲಿಸಿದರೆ ಬಿಡುತ್ತದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

“ಈ ಪಾಠ ನನಗೆ ಹೇಳಿಕೊಟ್ಟಿದ್ದೇ ನೀವಲ್ವಾ?”

“ಹೆದರಿಕೇಲಿ ತಲೆ ಓಡಲಿಲ್ಲ ಮೇಡಂ. ಇಲ್ಲಿಂದ ಕಳಿಸಿಬಿಡ್ತೀರಿ ಅಂತ...”

“ಎರಡೂ ಕಣ್ಣು ಹೋಗಿದ್ರೂ ಇಲ್ಲೇ ಕುರ್ಚಿ ಹಾಕಿ ಕೂರಿಸ್ತಿದ್ದೆ. ನಿಮ್ಮನ್ನ ಕೇಳಿ ಕಲಿಯೋದಿನ್ನೂ ಬೇಕಾದಷ್ಟಿದೆ ನಮಗೆ.”

ದೊಡ್ಡಪ್ಪನಿಗೆ ಮತ್ತೆ ಅಳು ಉಕ್ಕಿತು. ಆ ದಿನ ಸಂಜೆಯವರೆಗೂ ಪಟ್ಟೆಗಳನ್ನು ಮ್ಯಾನೇಜರಮ್ಮನೇ ಎಣಿಸಬೇಕಾಯಿತು.