ಚಂದ್ರಮೋಹನನ ಎಂ.ಎ. ಅರ್ಜಿ

ಮುಳಬಾಗಿಲು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಚಂದ್ರಮೋಹನನ ಸೈಬರ್ ಸೆಂಟರ್ ಇದೆ. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು, ಕೂರಲು ಒಂದು ಬೆಂಚು. ಡಿಗ್ರಿ ಫಲಿತಾಂಶ ಬಂತೆಂದರೆ ಆ ಬೆಂಚಿನಲ್ಲಿ ಜಾಗ ಸಿಗುವುದಿಲ್ಲ. ಎಂ.ಎ. ಸೇರಬೇಕೆನ್ನುವವರು ಮೊದಲು ಬರುವುದು ಅವನ ಹತ್ತಿರ. ಡಿಗ್ರಿಯಲ್ಲಿ ಓದಿದ ವಿಷಯವೇ ಆದರೆ ಅಂಕದ ಮೇಲೆ ಸೀಟು, ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು, ದೊಡ್ಡ ಊರಿನ ಕಡೆ ಕಣ್ಣಿದ್ದರೆ ಪ್ರವೇಶ ಪರೀಕ್ಷೆ, ಯಾವುದೂ ಆಗದಿದ್ದರೆ ಮನೆಯಲ್ಲೇ ಕೂತು ಓದುವ ದೂರಶಿಕ್ಷಣ. ಹತ್ತು ವರ್ಷದಿಂದ ಹೇಳಿ ಹೇಳಿ ಇದೆಲ್ಲ ಅವನಿಗೆ ಬಾಯಿಪಾಠ.

ಅವನದೊಂದು ಪದ್ಧತಿಯಿದೆ. ಅರ್ಜಿಯಲ್ಲಿ ಮೊಬೈಲ್ ನಂಬರ್ ಕೇಳಿದಲ್ಲಿ ತನ್ನದೇ ನಂಬರ್ ಹಾಕುತ್ತಾನೆ. ಹೆಣ್ಣುಮಕ್ಕಳ ನಂಬರ್ ಕೊಡಲು ಹಳ್ಳಿಯ ಅಪ್ಪಂದಿರು ಒಪ್ಪುವುದಿಲ್ಲ. ಗಂಡುಮಕ್ಕಳೋ, ರೀಚಾರ್ಜ್ ಮಾಡಿಸದೆ ತಿಂಗಳಿಗೊಂದು ಸಿಮ್ ಬದಲಿಸುವ ಶೂರರು. ಬರುವ ಸಂದೇಶದಲ್ಲಿ ಹೆಸರಿರುವುದಿಲ್ಲ, ಅರ್ಜಿ ಸಂಖ್ಯೆ ಮಾತ್ರ. ಅದಕ್ಕಾಗಿ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಹೆಸರು, ಊರು, ಯಾರಿಗೆ ಫೋನ್ ಮಾಡಬೇಕು ಎಲ್ಲ ಬರೆದಿಡುತ್ತಾನೆ. ಅವನಿಂದಾಗಿ ಇದುವರೆಗೆ ಒಬ್ಬರ ಸೀಟೂ ತಪ್ಪಿರಲಿಲ್ಲ. ಆ ಬಗ್ಗೆ ಹೆಮ್ಮೆಯಿತ್ತು. ಹೆಮ್ಮೆಪಡಲು ಬೇರೆ ಏನೂ ಇರಲಿಲ್ಲ ಅನ್ನಿ.

ಈ ವರ್ಷ ತನ್ನದೂ ಒಂದು ಅರ್ಜಿ ಹಾಕಿದ, ಇತಿಹಾಸ ಎಂ.ಎ.ಗೆ. ವಯಸ್ಸು ನಲವತ್ತೊಂದು. ಹುಟ್ಟೂರು ಆವನಿ, ಅಲ್ಲಿನ ಕಲ್ಲುಗಳ ಮೇಲಿನ ಹಳೆಯ ಅಕ್ಷರ ಓದಲು ಕಲಿಯಬೇಕೆಂಬುದು ಚಿಕ್ಕಂದಿನ ಆಸೆ. ಬಿ.ಎ. ಮುಗಿದ ವರ್ಷವೇ ಅಪ್ಪ ಸುಬ್ಬರಾಯಪ್ಪನಿಗೆ ಲಕ್ವ ಹೊಡೆದು, ಓದು ಅಲ್ಲಿಗೇ ನಿಂತಿತ್ತು. ದೂರಶಿಕ್ಷಣದಲ್ಲಿ ಯಾವತ್ತೋ ಮುಗಿಸಬಹುದಿತ್ತು. ಆದರೆ ಅವನಿಗೆ ತರಗತಿ ಬೇಕಿತ್ತು. ಮೇಷ್ಟರ ಎದುರು ಕೂತು, ಕೈಯೆತ್ತಿ, ಗೊತ್ತಾಗಲಿಲ್ಲ ಎಂದು ಕೇಳಬೇಕಿತ್ತು. ನರಸಾಪುರದ ಕಂಪನಿ ಕೆಲಸ ಬಿಟ್ಟು ಮನೆಯಲ್ಲಿದ್ದ ಬಾಮೈದ ವೆಂಕಟ್ ಎರಡು ವರ್ಷ ಅಂಗಡಿ ನೋಡಿಕೊಳ್ಳಲು ಒಪ್ಪಿದ್ದ. ಸೀಟು ಸಿಗದಿದ್ದರೆ ಅವನು ಹೊಸೂರಿನ ಕಡೆ ಕೆಲಸಕ್ಕೆ ಹೊರಡುವವನು.

"ಇದೊಂದ್ಸಲ ಹಾಕ್ ನೋಡಿ," ಎಂದಿದ್ದಳು ಹೆಂಡತಿ. "ಆಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಎತ್ತಬೇಡಿ."

ಗಿರಾಕಿಗಳ ನಡುವೆ ಬಿಡುವಾದಾಗ ಅರ್ಜಿ ತುಂಬಿದ. ಪ್ರಿಂಟು ತೆಗೆದು ಮನೆಯ ಬೀರುವಿನಲ್ಲಿಟ್ಟ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ತನ್ನ ಹೆಸರು ಬರೆದುಕೊಂಡು ತನಗೆ ತಾನೇ ಫೋನ್ ಮಾಡುವವರುಂಟೆ?

ಸೋಮವಾರ ಮೊದಲ ಪಟ್ಟಿ ಬಂತು. ಫೋನಿಗೆ ಹದಿನೇಳು ಸಂದೇಶ. ಗುರುವಾರ ಸಂಜೆ ನಾಲ್ಕರೊಳಗೆ ಮೂಲ ದಾಖಲೆಗಳ ಜೊತೆ ಕೋಲಾರದ ಪಿಜಿ ಸೆಂಟರಿಗೆ ಬರಬೇಕು, ಬಾರದಿದ್ದರೆ ಸೀಟು ಮುಂದಿನವರಿಗೆ. ಹದಿನಾರು ಸಂಖ್ಯೆಗಳಿಗೆ ನೋಟ್‌ಬುಕ್ಕಿನಲ್ಲಿ ಹೆಸರು ಸಿಕ್ಕಿತು. ಒಂದಕ್ಕೆ ಸಿಗಲಿಲ್ಲ.

"ಇದ್ಯಾರ್ದು ಬಾವಾ?" ಎಂದ ವೆಂಕಟ್.

"ಶ್ರೀನಿವಾಸಪುರದ ಕಡೆಯೋರು ಯಾರೋ ತಪ್ಪಾಗಿ ನನ್ ನಂಬರ್ ಹಾಕಿರ್ಬೇಕು. ಪಾಪ."

"ನಿಮ್ದು ನೋಡ್ಲಿಲ್ವಾ?"

"ನಂದು ಹಳೇ ಕಾಲದ ಅರವತ್ತೆರಡು ಪರ್ಸೆಂಟು ಕಣೋ. ಈಗಿನೋರು ಎಂಬತ್ತೈದು ತಗೋತಾರೆ. ಬಂದ್ರೆ ಎರಡ್ನೇ ಪಟ್ಟೀಲಿ."

ನಿಜ ಹೇಳಬೇಕೆಂದರೆ ಅವನಿಗೆ ಭಯವಾಗಿತ್ತು. ದಿನಕ್ಕೆ ಹತ್ತು ಸಲ ಬಂದು ಸೈಟ್ ತೆಗೆಸುವ ಹುಡುಗರನ್ನು ಗದರುತ್ತಿದ್ದವನು ತನ್ನದನ್ನು ಒಂದು ಸಲವೂ ತೆಗೆಯಲಿಲ್ಲ. ಆ ಹದಿನೇಳನೆಯ ಸಂಖ್ಯೆಯನ್ನು ಮಾತ್ರ ಶ್ರೀನಿವಾಸಪುರ, ಮಾಲೂರಿನ ಸೈಬರಿನವರಿಗೆಲ್ಲ ಕಳಿಸಿ, ಯಾರದೆಂದು ವಿಚಾರಿಸಿದ. ಯಾರಿಗೂ ಗೊತ್ತಿರಲಿಲ್ಲ. ಗುರುವಾರ, ಅಪ್ಪಂದಿರಿಗೆ ಬಿಡುವಿಲ್ಲದ ಇಬ್ಬರು ಹುಡುಗಿಯರನ್ನು ತಾನೇ ಕೋಲಾರಕ್ಕೆ ಕರೆದುಕೊಂಡು ಹೋದ. ಅವರ ಕೆಲಸ ಮುಗಿಯುವವರೆಗೆ ಪಿಜಿ ಸೆಂಟರಿನ ಹೊರಗೆ ಮರದಡಿ ಕೂತಿದ್ದ. ನಾಲ್ಕೂವರೆಗೆ ಬಸ್ಸು ಹತ್ತಿದರು.

ಶುಕ್ರವಾರ ಬೆಳಿಗ್ಗೆ, ಎರಡನೆಯ ಪಟ್ಟಿಗೆ ತನ್ನ ಸರದಿ ಎಷ್ಟನೆಯದೆಂದು ನೋಡೋಣವೆಂದು ಕೊನೆಗೂ ತನ್ನ ಅರ್ಜಿ ತೆಗೆದ. ಮೊದಲ ಪಟ್ಟಿ, ಗ್ರಾಮೀಣ ಮೀಸಲು, ಆಯ್ಕೆ. ಅದರ ಕೆಳಗೆ, ಗೈರುಹಾಜರು. ಫೋನ್ ತೆಗೆದು ಆ ಹದಿನೇಳನೆಯ ಸಂಖ್ಯೆಯನ್ನು ಪರದೆಯ ಮೇಲಿನದರ ಪಕ್ಕ ಹಿಡಿದ. ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೋಲಿಸಿದ.

ಏನೂ ಅನ್ನಿಸಲಿಲ್ಲ. ಸೂಜಿ ಚುಚ್ಚಿಸಿಕೊಂಡು ಹಲ್ಲು ಕೀಳಿಸಿಕೊಂಡಾಗಿನ ದವಡೆಯ ಹಾಗೆ ಎಲ್ಲ ಜೋಮುಗಟ್ಟಿತ್ತು. ಕಚೇರಿಗೆ ಫೋನ್ ಮಾಡಿದ.

"ಟೈಮ್ ಮುಗೀತಲ್ರೀ, ಅದು ಮುಂದಿನೋರಿಗೆ ಹೋಯ್ತು," ಎಂದರು ಆ ಕಡೆಯವರು. "ನಿಮಗೆ ಮೆಸೇಜ್ ಬರ್ಲಿಲ್ವಾ?"

"ಬಂದಿತ್ತು ಸಾರ್," ಎಂದು ಫೋನ್ ಇಟ್ಟ. ಯಾರೋ ಪಹಣಿ ಜೆರಾಕ್ಸ್ ಕೇಳಿದರು. ತೆಗೆದುಕೊಟ್ಟ. ಮಧ್ಯಾಹ್ನ ಮನೆಗೆ ಹೋಗಿ ಉಂಡು ಬಂದ. ಹೆಂಡತಿ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳಿದಳು. ಅವನಿಗೆ ತಿಳಿದಿರಲಿಲ್ಲ.

ಶನಿವಾರ ಎರಡನೆಯ ಪಟ್ಟಿಯ ಸಂದೇಶಗಳು ಬಂದವು, ನಾಲ್ಕು. ನಾಲ್ಕೂ ಮನೆಗಳಿಗೆ ಫೋನ್ ಮಾಡಿದ.

ಸೋಮವಾರ ಮಧ್ಯಾಹ್ನ, ಆ ನಾಲ್ವರಲ್ಲಿ ಒಬ್ಬಳಾದ ಗಂಗಾ ಬಂದಳು. ನರಸಾಪುರದ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಶಿಫ್ಟ್ ದುಡಿಯುತ್ತಾ ಓದಬೇಕೆಂದು ಹಟ ಹಿಡಿದಿದ್ದ ಹುಡುಗಿ. ಕಂಪನಿ ಬಸ್ಸಿನಿಂದ ನೇರ ಇಳಿದು ಬಂದಿದ್ದಳು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ. ಅವಳ ಅಂಕಪಟ್ಟಿಗಳನ್ನು ಇಸಿದುಕೊಂಡು ಚಂದ್ರಮೋಹನ್ ವರ್ಷದ ಪ್ರಕಾರ ಜೋಡಿಸಿದ, ಗ್ರಾಮೀಣ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಮೇಲಿಟ್ಟ.

"ಹಿಸ್ಟರೀಲಿ ಗ್ರಾಮೀಣದ್ದು ಒಂದೇ ಸೀಟು ಉಳಿದಿತ್ತಂತಣ್ಣ," ಎಂದಳು ಗಂಗಾ. "ಮೊದಲ್ನೇ ಪಟ್ಟಿಯೋರು ಯಾರೋ ಬರ್ಲೇ ಇಲ್ವಂತೆ. ಯಾರೋ ಪುಣ್ಯಾತ್ಮರು. ನಮ್ಮಮ್ಮ ಅವ್ರ ಹೆಸ್ರಲ್ಲಿ ದೀಪ ಹಚ್ತೀನಿ ಅಂತಿದ್ಲು, ಹೆಸ್ರೇ ಗೊತ್ತಿಲ್ಲ."

ಪಕ್ಕದ ಕಂಪ್ಯೂಟರಿನಲ್ಲಿದ್ದ ವೆಂಕಟ್ ಟೈಪ್ ಮಾಡುವುದನ್ನು ನಿಲ್ಲಿಸಿ ಬಾವನ ಮುಖ ನೋಡಿದ. ಚಂದ್ರಮೋಹನ್ ಕಾಗದಗಳಿಗೆ ಕ್ಲಿಪ್ ಹಾಕುತ್ತಿದ್ದ.

"ನೀವೂ ಹಾಕಿದ್ರಂತಲ್ಲಣ್ಣ. ನಿಮ್ದೇನಾಯ್ತು?"

"ಮಾರ್ಕ್ಸ್ ಸಾಲಲಿಲ್ಲ ಕಣಮ್ಮ," ಎಂದು ಫೈಲನ್ನು ಅವಳ ಕೈಗಿಟ್ಟ. "ಬುಧವಾರ ನಾಲ್ಕರೊಳಗೆ ಅಲ್ಲಿರ್ಬೇಕು. ಬೆಳಿಗ್ಗೆ ಬಸ್ಸಿಗೇ ಹೋಗ್ಬಿಡು."

ಮಂಗಳವಾರ ಸಂಜೆ ಅವಳ ಅಪ್ಪನಿಗೂ ಫೋನ್ ಮಾಡಿ ಅದನ್ನೇ ಮತ್ತೊಮ್ಮೆ ಹೇಳಿದ.