ಪಲ್ಲವಿ ಉಳಿಸಿಕೊಂಡ ಖೋ ಖೋ

2022ರ ಜೂನ್‌ನಲ್ಲಿ ನಾನು ಹೈದರಾಬಾದಿನ ಕುಷಾಯಿಗೂಡದ ಒಂದು ಖಾಸಗಿ ಶಾಲೆಯಲ್ಲಿ ಆರನೆಯ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ಗಣಿತ ನನ್ನ ವಿಷಯ. ಅದರ ಜೊತೆ ನಲವತ್ತೆರಡು ಮಕ್ಕಳ ಡೈರಿ ನೋಡುವುದೂ ನನ್ನ ಪಾಲಿಗೇ. ಹೋಂವರ್ಕ್, ದೂರು, ರಜೆಚೀಟಿ ಎಲ್ಲವೂ ಆ ಪುಸ್ತಕದಲ್ಲೇ ಮನೆಗೂ ಶಾಲೆಗೂ ಓಡಾಡುತ್ತವೆ. ದಿನಾ ಪಾಲಕರ ಸಹಿ ಬೇಕು.

ಪಲ್ಲವಿ ಆ ತರಗತಿಯ ಹುಡುಗಿ. ಮನೆಯವರು ಬೀದರ್ ಕಡೆಯವರು. ತಂದೆ ಸರ್ಕಾರಿ ಇಂಜಿನಿಯರ್, ತಾಯಿ ಬ್ಯಾಂಕ್ ನೌಕರಿ, ಜೊತೆಗೆ ಅಜ್ಜಿ. ಶಾಲೆಯ ಖೋ ಖೋ ತಂಡದಲ್ಲಿ ಅವಳಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಆದರೆ ನನ್ನ ಪೀರಿಯಡ್‌ನಲ್ಲಿ ತೂಕಡಿಕೆ. ಮೊದಲ ಯೂನಿಟ್ ಟೆಸ್ಟ್‌ನಲ್ಲಿ ಗಣಿತಕ್ಕೆ ಇಪ್ಪತ್ತೈದಕ್ಕೆ ಒಂಬತ್ತು. ‘ಗಮನ ಸಾಲದು’ ಎಂದು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದೆ, ಒಂದಲ್ಲ, ಮೂರು ಸಲ. ಮೂರೂ ಸಲ ಸಹಿಯಾಗಿ ಬಂತು.

ಸೆಪ್ಟೆಂಬರ್‌ನಲ್ಲಿ ನಮ್ಮ ಪಿ.ಟಿ. ಸರ್ ಸ್ಟಾಫ್‌ರೂಮಿಗೆ ಬಂದರು, ಕೈಯಲ್ಲಿ ಪಲ್ಲವಿಯ ತಂದೆಯ ಚೀಟಿ: ಮಗಳ ಹೆಸರನ್ನು ತಂಡದಿಂದ ತೆಗೆಯಿರಿ.

“ಕುಛ್ ಕರೋ ಮೇಡಂ. ವೋ ಬಚ್ಚಿ ನಹೀಂ ತೋ ಟೀಮ್ ಖತಮ್,” ಎಂದರು. ಅವಳಿಲ್ಲದಿದ್ದರೆ ತಂಡವೇ ಮುಗಿಯಿತು ಎಂಬ ಆತಂಕ ಅವರದು.

ಅವಳ ಡೈರಿ ತೆಗೆದು ಕುಳಿತೆ. ತಾಯಿಯ ಸಹಿ ಎಲ್ಲ ಪುಟದಲ್ಲೂ ಅಲುಗಾಡಿತ್ತು. ಹುಡುಗಿಯನ್ನು ಕರೆದು ಕೇಳಿದೆ.

“ಅಮ್ಮ ಸಹಿ ಎಲ್ಲಿ ಕುಂತು ಮಾಡ್ತಾರ?”

“ಕಾರ್‌ನಾಗ ಮಿಸ್. ಅಬ್ಯಾಕಸ್ ಮುಗಿಸಿ ಕೀಬೋರ್ಡ್‌ಗೆ ಹೋಗೂ ಮುಂದ.”

“ಊಟ?”

“ಅದೂ ಕಾರ್‌ನಾಗ. ಚಪಾತಿ ರೋಲ್.”

“ಅಜ್ಜಿ?”

“ಅಕಿ ಟಿವಿ ಮುಂದ ಒಬ್ಬಕೀನ ಉಣ್ತಾಳ.”

ವಾರದ ಪಟ್ಟಿ ಬರೆಸಿದೆ. ಅಬ್ಯಾಕಸ್, ಕೀಬೋರ್ಡ್, ಡ್ರಾಯಿಂಗ್, ಭಾನುವಾರ ಸ್ವಿಮಿಂಗ್, ಜೊತೆಗೆ ವಾರಕ್ಕೆ ಮೂರು ಸಂಜೆ ಗಣಿತದ ಟ್ಯೂಷನ್. ಟ್ಯೂಷನ್ ಯಾವಾಗ ಹಚ್ಚಿದರು ಎಂದೆ.

“ನೀವು ರೆಡ್ ಪೆನ್‌ನಾಗ ಬರದ್ರಲ್ಲ ಮಿಸ್, ಅವಾಗ.”

ಮಗುವಿಗೆ ಬೇಕಾದದ್ದು ನಿದ್ದೆ. ಆ ನಿದ್ದೆಯ ಹೊತ್ತನ್ನೇ ನನ್ನ ಷರಾ ಕಿತ್ತುಕೊಂಡಿತ್ತು.

ಆ ಶನಿವಾರ ಮನೆಯವರನ್ನೆಲ್ಲ ಕರೆಸಿದೆ. ತಂದೆ ಕೂಡುವ ಮೊದಲೇ ಶುರು ಮಾಡಿದರು.

“ಖೋ ಖೋದಾಗ ಏನೈತ್ರಿ ಮೇಡಂ? ಸರ್ಟಿಫಿಕೇಟ್ ಇಲ್ಲ, ಲೆವೆಲ್ ಇಲ್ಲ. ಅಬ್ಯಾಕಸ್‌ನಾಗ ಲೆವೆಲ್ ಫೈವ್ ಮುಟ್ಯಾಳ. ಈಗ ಬಿಡಸೂದು ಹ್ಯಾಂಗ್ರಿ?”

ಪಟ್ಟಿಯನ್ನು ಅವರ ಮುಂದಿಟ್ಟು, ನಾಲ್ವರೂ ಒಟ್ಟಿಗೆ ಕೂಡುವ ಹೊತ್ತಿಗೆ ಟಿಕ್ ಹಾಕಿ ಎಂದೆ. ಪೆನ್ನು ಸೋಮವಾರದಿಂದ ಭಾನುವಾರದವರೆಗೆ ಹೋಗಿ ಮತ್ತೆ ಸೋಮವಾರಕ್ಕೆ ಬಂತು.

“ಏನ್ ಹುಡುಕಾಕತ್ತೀಯೋ?” ಎಂದರು ಅಜ್ಜಿ. “ನಾ ಈ ಕೂಸಿನ ಮಾರಿ ನೆಟ್ಟಗ ನೋಡಿ ತಿಂಗಳಾತು.”

ತಾಯಿ ತಲೆ ತಗ್ಗಿಸಿದರು. ನನ್ನ ಷರಾ ತಪ್ಪಾಗಿತ್ತು ಎಂದು ನಾನು ಮೊದಲು ಒಪ್ಪಿಕೊಂಡೆ. ಟ್ಯೂಷನ್ ಬಿಡಿಸಿ, ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ನಾನೇ ಹೇಳಿಕೊಡುತ್ತೇನೆ, ಉಳಿದುದರಲ್ಲಿ ಯಾವ ಎರಡು ಬೇಕೋ ಅವಳೇ ಹೇಳಲಿ ಎಂದೆ.

“ಖೋ ಖೋ,” ಎಂದಳು ಪಲ್ಲವಿ ತಟ್ಟನೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಿ, “ಒಂದ ಸಾಕು ಮಿಸ್.”

“ಅಲ್ಲವಾ, ಲೆವೆಲ್ ಫೈವ್...” ಎಂದು ತಂದೆ ಬಾಯಿ ತೆರೆದರು.

“ಅಷ್ಟ್ ಹುಕಿ ಇದ್ರ ಲೆವೆಲ್ ಸಿಕ್ಸ್‌ಗೆ ನೀನ ಹೋಗು,” ಎಂದರು ಅಜ್ಜಿ.

ಎಲ್ಲರೂ ನಕ್ಕೆವು, ತಂದೆಯೂ. ಆದರೂ ಷರತ್ತು ಹಾಕಿಯೇ ಎದ್ದರು: ಮುಂದಿನ ಟೆಸ್ಟ್‌ನಲ್ಲಿ ಹದಿನೆಂಟು ಬರದಿದ್ದರೆ ಖೋ ಖೋ ಕೂಡ ಬಂದ್. ನಾನೂ ಒಂದು ಷರತ್ತು ಹಾಕಿದೆ: ಎಂಟು ಗಂಟೆಗೆ ನಾಲ್ವರದೂ ಮನೆಯಲ್ಲೇ ಊಟ.

ಮೊದಲ ವಾರ ಹುಡುಗಿ ಊಟ ಮಾಡಿದ್ದೇ ಮಲಗಿಬಿಡುತ್ತಿದ್ದಳಂತೆ. ಎರಡನೆಯ ವಾರದಿಂದ ನನ್ನ ಪೀರಿಯಡ್‌ನಲ್ಲಿ ಪ್ರಶ್ನೆ ಕೇಳತೊಡಗಿದಳು. ಅಕ್ಟೋಬರ್ ಕೊನೆಯ ಟೆಸ್ಟ್‌ನ ಉತ್ತರಪತ್ರಿಕೆಯನ್ನು ಕೂಡಿಸಿ ನೋಡಿ, ನಂಬದೆ ಇನ್ನೊಮ್ಮೆ ಕೂಡಿಸಿದೆ. ಇಪ್ಪತ್ತೊಂದು!

ಡಿಸೆಂಬರ್‌ನಲ್ಲಿ ಗಚ್ಚಿಬೌಲಿಯ ಒಂದು ಮೈದಾನದಲ್ಲಿ ಅಂತರಶಾಲಾ ಫೈನಲ್. ಊರಿನ ಈ ತುದಿಯಿಂದ ಆ ತುದಿಗೆ ಇಡೀ ಮನೆ ಬಂದಿತ್ತು. ಕೊನೆಯ ನಿಮಿಷ, ಎದುರು ತಂಡದ ಒಬ್ಬಳನ್ನು ಮುಟ್ಟಿದರೆ ಕಪ್ ನಮ್ಮದು. ಬೆನ್ನಟ್ಟುತ್ತಿದ್ದವಳು ಪಲ್ಲವಿ. ಸಾಲಿನಲ್ಲಿ ಕುಳಿತ ಗೆಳತಿಗೆ ‘ಖೋ’ ಕೊಟ್ಟು ಎಬ್ಬಿಸಬಹುದಿತ್ತು, ಕೊಡಲಿಲ್ಲ.

“ಖೋ ಕೊಡವಾ, ಖೋ ಕೊಡು!” ತಂದೆ ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದರು.

“ಸುಮ್ನ ಕುಂಡ್ರೋ! ಅಕಿಗೆ ಗೊತ್ತೈತಿ,” ಎಂದು ಅಜ್ಜಿ ಅವರ ಅಂಗಿ ಹಿಡಿದು ಜಗ್ಗಿದರು.

ಪಲ್ಲವಿ ಕಂಬದ ಹತ್ತಿರ ಉದ್ದಕ್ಕೆ ಹಾರಿದಳು. ಬಿದ್ದಳು, ಮೊಣಕೈ ತರಚಿತು, ಆದರೆ ಬೆರಳ ತುದಿ ಮುಟ್ಟಿತ್ತು. ರೆಫರಿ ಸೀಟಿ ಊದಿದ್ದೇ ನಮ್ಮ ಪಿ.ಟಿ. ಸರ್ ಮೈದಾನಕ್ಕೆ ಓಡಿದರು, ಹಿಂದೆಯೇ ಸೀರೆ ಎತ್ತಿ ಹಿಡಿದುಕೊಂಡು ನಾನೂ.

ಈಗಲೂ ಪಾಲಕರು ಪಟ್ಟಿ ಹಿಡಿದುಕೊಂಡು ಬಂದು, ಯಾವುದನ್ನು ಬಿಡಿಸಲಿ ಮೇಡಂ ಎಂದು ಕೇಳುತ್ತಾರೆ. ಆ ಉತ್ತರ ನನ್ನ ಹತ್ತಿರ ಇರುವುದಿಲ್ಲ ಎಂಬುದನ್ನು ಈ ಕೆಲಸ ಕಲಿಸಿದೆ. ಮಗುವನ್ನು ಒಳಗೆ ಕರೆಯಿರಿ ಎನ್ನುತ್ತೇನೆ.