ಹಣೆಯ ಮೂರು ಪಟ್ಟೆ

ನಸುಕಿನಲ್ಲಿ ಸ್ನಾನ, ಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ. ಈ ಕ್ರಮವನ್ನು ನಾನು ತಪ್ಪಿಸಿದವನಲ್ಲ. ಅಕ್ಕಿಆಲೂರಿನ ಮನೆಯಲ್ಲಿ ಸ್ಕಿಜೋಫ್ರೇನಿಯಾ ಇರುವ ತಮ್ಮನೂ ನನ್ನ ಜೊತೆಗಿದ್ದಾನೆ. ಕಳೆದ ವರ್ಷ ಅವನು ನನ್ನ ಮುಖ ನೋಡುವುದನ್ನೇ ಬಿಟ್ಟ. ಊಟಕ್ಕೆ ಎದುರು ಕುಳಿತರೆ ಗೋಡೆಯತ್ತ ತಿರುಗುತ್ತಿದ್ದ. ನನ್ನ ಮೇಲೆ ದ್ವೇಷ ಹುಟ್ಟಿದೆಯೆಂದು ಒಳಗೇ ನೊಂದಿದ್ದೆ.

ಹಾನಗಲ್ಲಿನ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ನೇರವಾಗಿ ಅವನನ್ನೇ ಕೇಳಿದರು: "ಅಣ್ಣಾರ ಮುಖ ಯಾಕ ನೋಡೂದಿಲ್ರಿ?"

"ನೋಡಾಕ ಎಲ್ಲಿ ಬಿಡ್ತಾವ್ರಿ? ಹಣಿಮ್ಯಾಲಿನ ಪಟ್ಟಿ ಹುಳದಂಗ ಹರದಾಡ್ತಾವು. ಕಣ್ಣು, ಮೂಗು ಎಲ್ಲಾ ಅದರ ಜೋಡಿ ಸರೀತಾವು."

ಕಣ್ಣು ಸರಿಯಿದ್ದರೂ, ಕಂಡದ್ದನ್ನು ಮಿದುಳು ಜೋಡಿಸಿಕೊಳ್ಳುವಾಗ ಈ ಕಾಯಿಲೆಯ ಕೆಲವರಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಎಷ್ಟೋ ತಿಂಗಳ ಮೇಲೆ ನಿರಾಳವಾಗಿ ಉಸಿರಾಡಿದೆ.

ಮರುದಿನ ವಿಭೂತಿಯನ್ನು ತೋಳಿಗೆ, ಎದೆಗೆ ಮಾತ್ರ ಧರಿಸಿ, ಬರಿಹಣೆಯಲ್ಲಿ ಊಟಕ್ಕೆ ಕುಳಿತೆ. ತಮ್ಮ ಬಹಳ ಹೊತ್ತು ನನ್ನನ್ನೇ ನೋಡಿದ.

"ಅಲ್ಲೋ ಅಣ್ಣಾ, ಯಾವಾಗ ಇಷ್ಟು ಮುದುಕ ಆದಿ? ಹುಬ್ಬು ಸೈತ ಬೆಳ್ಳಗಾಗ್ಯಾವಲ್ಲೋ!"

"ನೀ ಆ ಕಡೆ ಮಾರಿ ಮಾಡಿ ಕುಂತಾಗ ಆಗೇನಿ. ಉಣ್ಣು," ಎಂದು ನಗುತ್ತ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.